ಬಸ್ಸು ಕೊಡಿಸುವ ಮೊದಲು: ಊರು ಮತ್ತು ಶಾಲೆಯ ನಂಟು ಮೂರನೇ ವರ್ಷಕ್ಕೂ ಉಳಿಯಬೇಕಾದರೆ

ಕರಾವಳಿಯಲ್ಲಿ ಒಂದು ದೇವಸ್ಥಾನದ ಬ್ರಹ್ಮಕಲಶಕ್ಕೆ ದಿನ ಗೊತ್ತಾದರೆ ಸಾಕು, ಕೆಲವೇ ದಿನಗಳಲ್ಲಿ ಸಮಿತಿ, ಅದರ ಕೆಳಗೆ ಹತ್ತಾರು ಉಪಸಮಿತಿ, ವಾಟ್ಸಾಪ್ ಗ್ರೂಪು, ರಶೀದಿ ಪುಸ್ತಕ ಎಲ್ಲ ತಯಾರು. ಹೊರೆಕಾಣಿಕೆಯ ದಿನ ತೆಂಗಿನಕಾಯಿ, ಅಕ್ಕಿ, ಸೌತೆಕಾಯಿ ತುಂಬಿದ ಪಿಕಪ್‌ಗಳು ಸಾಲಾಗಿ ಬರುತ್ತವೆ. ಎಲ್ಲ ಮುಗಿದ ಮೇಲೆ ಸಭೆ ಕರೆದು ಲೆಕ್ಕ ಒಪ್ಪಿಸುತ್ತಾರೆ. ಚರ್ಚಿನ ಹಬ್ಬಕ್ಕೂ ದರ್ಗಾದ ಉರೂಸಿಗೂ ಇದೇ ಶಿಸ್ತು. ಊರ ಹತ್ತು ಸಮಸ್ತರನ್ನು ಒಂದೆಡೆ ಸೇರಿಸುವ ವಿದ್ಯೆಯನ್ನು ಮಂಗಳೂರು, ಉಡುಪಿಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ಸರ್ಕಾರಿ ಶಾಲೆಗೂ ಇದೇ ಜನ ಧಾರಾಳವಾಗಿ ಕೊಡುತ್ತಾರೆ. ಆದರೆ ಬ್ರಹ್ಮಕಲಶ ನಡೆಯುವುದು ಹನ್ನೆರಡು ವರ್ಷಕ್ಕೊಮ್ಮೆ, ಶಾಲೆ ನಡೆಯುವುದು ವರ್ಷಕ್ಕೆ 220 ದಿನ. ಶತಮಾನೋತ್ಸವದ ದಿನ ರಿಬ್ಬನ್ ಕತ್ತರಿಸಿದ ಕಂಪ್ಯೂಟರ್ ಕೋಣೆಗೆ ಮೂರನೇ ಮಳೆಗಾಲದ ಹೊತ್ತಿಗೆ ಬೀಗ ಬಿದ್ದಿರುತ್ತದೆ. ಶಾಲಾ ವಾಹನ ಇನ್ಶೂರೆನ್ಸ್ ಮುಗಿದು ಮರದಡಿ ನಿಂತಿರುತ್ತದೆ. ಕೊಟ್ಟವರಿಗೂ ಬೇಸರ, ಶಾಲೆಗೂ ಮುಜುಗರ. ಈ ಲೇಖನ ಆ ಮೂರನೇ ವರ್ಷದ ಬಗ್ಗೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಹಳೆ ವಿದ್ಯಾರ್ಥಿ ಸಂಘದವರು, ಯುವಕ ಮಂಡಲ, ಮಹಿಳಾ ಮಂಡಲದವರು ಇದನ್ನು ಮುಂದಿಟ್ಟುಕೊಂಡೇ ಕೆಲಸ ಶುರು ಮಾಡಬಹುದು.

ಹೆಜ್ಜೆ 1: ಶಾಲೆಯಲ್ಲಿ ಒಂದು ಪೂರ್ತಿ ದಿನ

ಯಾರಿಂದ ಏನು ಕೇಳಬೇಕು ಎಂದು ಯೋಚಿಸುವ ಮೊದಲು ಇಬ್ಬರು ಅಥವಾ ಮೂವರು ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಶಾಲೆಗೆ ಹೋಗಿ, ಸಂಜೆ ಗೇಟು ಮುಚ್ಚುವವರೆಗೂ ಇರಬೇಕು. ಹೆಡ್‌ಮಾಸ್ಟರಿಗೆ ಮೊದಲೇ ಹೇಳಿ, ಅವರ ಒಪ್ಪಿಗೆಯಿಂದಲೇ ಹೋಗಿ. ತಪಾಸಣೆಗೆ ಬಂದವರ ಹಾಗೆ ನಡೆದುಕೊಂಡರೆ ಆ ದಿನವೇ ನಂಟು ಮುರಿಯುತ್ತದೆ.

ನೋಡಬೇಕಾದದ್ದು ಇಷ್ಟು. ಹಾಜರಿ ಪುಸ್ತಕದಲ್ಲಿ ಕಳೆದ ಮೂರು ತಿಂಗಳು: ಯಾವ ಮಕ್ಕಳು ಪದೇ ಪದೇ ತಪ್ಪಿಸಿಕೊಂಡಿದ್ದಾರೆ, ಅವರ ಮನೆ ಎಲ್ಲಿ. ಐದನೇ ತರಗತಿಯ ಮಕ್ಕಳಿಗೆ ಮೂರನೇ ತರಗತಿಯ ಕನ್ನಡ ಪುಸ್ತಕದ ಒಂದು ಪ್ಯಾರಾ ಕೊಟ್ಟು, ಟೀಚರ್ ಎದುರಲ್ಲೇ ಒಬ್ಬೊಬ್ಬರಾಗಿ ಓದಿಸಿ. ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ ಬೀಳುತ್ತದೆಯೇ, ನಲ್ಲಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೂ ನೀರು ಬರುತ್ತದೆಯೇ ನೋಡಿ. ಚಿಲಕವಿಲ್ಲದ ಒಂದು ಬಾಗಿಲು ಏಳನೇ ತರಗತಿಯ ಹುಡುಗಿಯನ್ನು ತಿಂಗಳಿಗೆ ಮೂರು ನಾಲ್ಕು ದಿನ ಮನೆಯಲ್ಲೇ ಕೂರಿಸುತ್ತದೆ. ಆ ಚಿಲಕದ ಬೆಲೆ ಐವತ್ತು ನೂರು ರೂಪಾಯಿ. ಸ್ಮಾರ್ಟ್ ಕ್ಲಾಸ್ ಕೊಡಿಸಲು ಓಡಾಡುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಜಿಲ್ಲೆಯ ಒಟ್ಟು ಫಲಿತಾಂಶ ನೋಡಿ ನೆಮ್ಮದಿಯಾಗಿರಬೇಡಿ. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಉಡುಪಿ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಅದೇ ತಿರುಗುಮುರುಗು. ಆ ಹೆಮ್ಮೆಯ ಅಂಕಿಯಲ್ಲಿ, ಬಾಗಲಕೋಟೆ ಗದಗ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗ ಜುಲೈಯಲ್ಲಿ ಶಾಲೆಗೆ ಸೇರಿ ಜನವರಿಯಲ್ಲಿ ಕಾಣೆಯಾದದ್ದು ಕಾಣಿಸುವುದಿಲ್ಲ.

ದಿನದ ಕೊನೆಗೆ ಕಂಡದ್ದನ್ನೆಲ್ಲ ಮೂರು ಕಂಬಸಾಲಿನಲ್ಲಿ ಬರೆಯಿರಿ: ಒಮ್ಮೆ ಖರ್ಚು ಮಾಡಿದರೆ ಮುಗಿಯುವುದು, ಪ್ರತಿ ತಿಂಗಳೂ ಖರ್ಚು ಕೇಳುವುದು, ಹಣವೇ ಬೇಡದೆ ಜನರ ಸಮಯ ಮಾತ್ರ ಕೇಳುವುದು. ಮೂರನೆಯದು ಎಲ್ಲಕ್ಕಿಂತ ಉದ್ದವಾಗಿದ್ದರೆ ನೀವು ಸರಿಯಾಗಿ ನೋಡಿದ್ದೀರಿ ಎಂದರ್ಥ.

ಹೆಜ್ಜೆ 2: ಅಧಿಕಾರ ಯಾರದು ಎಂದು ಮೊದಲೇ ತಿಳಿದಿರಲಿ

ಶಿಕ್ಷಣ ಹಕ್ಕು ಕಾಯ್ದೆ 2009ರ 21ನೇ ಕಲಮಿನ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆ, ತಾಯಿ ಅಥವಾ ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. ಕರ್ನಾಟಕದಲ್ಲಿ ಅದಕ್ಕೂ ಮೊದಲೇ, 2001ರ ಸರ್ಕಾರಿ ಆದೇಶದಿಂದ ಎಸ್‌ಡಿಎಂಸಿ ಬಂದಿತ್ತು. 22ನೇ ಕಲಮು ಶಾಲಾಭಿವೃದ್ಧಿ ಯೋಜನೆ ತಯಾರಿಸುವ ಹೊಣೆಯನ್ನೂ ಇದೇ ಸಮಿತಿಗೆ ಕೊಟ್ಟಿದೆ. ಮೊದಲ ಹೆಜ್ಜೆಯ ನಿಮ್ಮ ಪಟ್ಟಿ ಸೇರಬೇಕಾದದ್ದು ಆ ಯೋಜನೆಗೇ. ಎಸ್‌ಡಿಎಂಸಿ ಸಭೆಯಲ್ಲಿ ನಿರ್ಣಯವಾಗದೆ ಶಾಲೆಯ ಆವರಣದಲ್ಲಿ ಒಂದು ಕಲ್ಲನ್ನೂ ಇಡಬೇಡಿ. ದಾನಿಗಳೇ ನೇರವಾಗಿ ಮೇಸ್ತ್ರಿಯನ್ನು ಕರೆತಂದು ಕೆಲಸ ಶುರು ಮಾಡಿಸಿ, ಆಮೇಲೆ ಇಲಾಖೆಯ ಅನುಮತಿ ಇಲ್ಲವೆಂದು ಅರ್ಧಕ್ಕೆ ನಿಂತ ಕೆಲಸಗಳೆಲ್ಲ ಎಡವಿದ್ದು ಇಲ್ಲಿಯೇ. ಕಟ್ಟಡಕ್ಕೆ ಸಂಬಂಧಪಟ್ಟದ್ದಾದರೆ ನಿರ್ಣಯದ ಪ್ರತಿಯೊಡನೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಪತ್ರ ಕೊಟ್ಟು, ಲಿಖಿತ ಒಪ್ಪಿಗೆ ಕೈಗೆ ಬರುವವರೆಗೂ ಕಾಯಿರಿ.

ಹಳೆ ವಿದ್ಯಾರ್ಥಿ ಸಂಘ ಬೇರೆ, ಎಸ್‌ಡಿಎಂಸಿ ಬೇರೆ. ಸಂಘವನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿ, ಅದಕ್ಕೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ಸಂಘದ ಅಧ್ಯಕ್ಷರ ಸ್ವಂತ ಖಾತೆಗೆ ಗೂಗಲ್ ಪೇ ಮಾಡಿಸಿಕೊಳ್ಳುವುದು ಎಷ್ಟೇ ಪ್ರಾಮಾಣಿಕವಾಗಿದ್ದರೂ ಒಂದಲ್ಲ ಒಂದು ದಿನ ಮಾತಿಗೆ ಕಾರಣವಾಗುತ್ತದೆ.

ಸಭೆಯ ಸಮಯದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. "ಪೋಷಕರು ಬರುವುದಿಲ್ಲ" ಎಂಬ ದೂರಿನ ಮುಕ್ಕಾಲು ಪಾಲು ಗಡಿಯಾರದ ದೋಷ. ಮಧ್ಯಾಹ್ನ ಮೂರಕ್ಕೆ ಸಭೆ ಕರೆದರೆ ಕೂಲಿಗೆ ಹೋದ ತಂದೆ ಅರ್ಧ ದಿನದ ಸಂಬಳ ಬಿಟ್ಟು ಬರಬೇಕು. ಬೀಡಿ ಕಟ್ಟುವ ತಾಯಂದಿರು ಬ್ರಾಂಚಿಗೆ ಬೀಡಿ ಕೊಡಲು ಹೋಗುವ ದಿನ ಮತ್ತು ಹೊತ್ತು ಕೇಳಿಕೊಂಡು ಅದನ್ನು ತಪ್ಪಿಸಿ. ಬೆಂಗ್ರೆ, ಮಲ್ಪೆಯಂಥ ಮೀನುಗಾರರ ಊರಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟಿಗೆ ಹೋಗುವ ಗಂಡಸರು ಮನೆಯಲ್ಲಿರುತ್ತಾರೆ. ವರ್ಷದ ದೊಡ್ಡ ಸಭೆಯನ್ನು ಆ 61 ದಿನಗಳೊಳಗೇ ಮುಗಿಸಿ. ಉಳಿದ ಕಡೆ ಭಾನುವಾರ ಬೆಳಿಗ್ಗೆ ಹತ್ತೂವರೆ ಹೆಚ್ಚಾಗಿ ಹೊಂದುತ್ತದೆ, ಆದರೆ ಕ್ರೈಸ್ತರು ಹೆಚ್ಚಿರುವ ಕಡೆ ಪೂಜೆಯ ಸಮಯ ನೋಡಿಕೊಳ್ಳಿ.

ಭಾಷೆಯೂ ಹಾಗೆಯೇ. ಸಭೆ ತನ್ನಷ್ಟಕ್ಕೇ ತುಳುವಿಗೆ ಜಾರುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ, ತುಳುವಿನಲ್ಲಿ ಮಾತಾಡಿದಾಗಲೇ ನಮ್ಮ ತಾಯಂದಿರ ಬಾಯಿ ಬಿಚ್ಚುವುದು. ಆದರೆ ಹಿಂದಿನ ಬೆಂಚಿನಲ್ಲಿ ಕೂತ ಘಟ್ಟದ ಮೇಲಿನ ತಾಯಿಗೆ ಒಂದಕ್ಷರವೂ ತಿಳಿಯುವುದಿಲ್ಲ. ಪ್ರತಿ ನಿರ್ಧಾರವನ್ನೂ ಕನ್ನಡದಲ್ಲಿ ಇನ್ನೊಮ್ಮೆ ಹೇಳಿ, ಆಕೆಯ ಹೆಸರು ಹಿಡಿದು "ನೀವೇನು ಹೇಳ್ತೀರಿ ಅಕ್ಕಾ?" ಎಂದು ಕೇಳಿ. ನಗರದ ಹಲವು ಸರ್ಕಾರಿ ಶಾಲೆಗಳು ಇವತ್ತು ಉಸಿರಾಡುತ್ತಿರುವುದೇ ಆಕೆಯಂಥವರ ಮಕ್ಕಳಿಂದ.

ಹೆಜ್ಜೆ 3: ಯಾರಿಂದ ಏನನ್ನು ಕೇಳಬೇಕು

ಎಲ್ಲರಿಂದಲೂ ಹಣ ಕೇಳುವುದು ಸೋಮಾರಿತನ. ಕಾಲೇಜುಗಳ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಸ್ವಯಂಸೇವಕರು ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು, ಅದರ ಹೊರತಾಗಿ ಏಳು ದಿನದ ವಿಶೇಷ ಶಿಬಿರ. ಆ ಏಳು ದಿನವನ್ನು ಗೋಡೆಗೆ ಬಣ್ಣ ಬಳಿಯಲು ಮುಗಿಸುವ ಬದಲು, 240 ಗಂಟೆಯಲ್ಲಿ ವಾರಕ್ಕೆ ಎರಡು ಗಂಟೆ ಓದಿಸುವ ಕೆಲಸಕ್ಕೆ ಕೇಳಿಕೊಳ್ಳಿ. ಮಂಗಳೂರಿನ ರೋಶನಿ ನಿಲಯದಲ್ಲಿ ಸಮಾಜಕಾರ್ಯ ಓದುವವರಿಗೆ ಕ್ಷೇತ್ರಕಾರ್ಯ ಪಾಠದ ಭಾಗವೇ ಆಗಿರುತ್ತದೆ. ಶಾಲೆ ಬಿಟ್ಟ ಮಗುವಿನ ಮನೆಗೆ ಹೋಗಿ ಬರುವ ಕೆಲಸಕ್ಕೆ ಅವರಂಥವರು ಬೇಕು. ಕಣ್ಣು, ಹಲ್ಲಿನ ತಪಾಸಣೆಗೆ ಮಣಿಪಾಲ ಮತ್ತು ಮಂಗಳೂರಿನ ವೈದ್ಯಕೀಯ ಕಾಲೇಜುಗಳ ಸಮುದಾಯ ವಿಭಾಗಕ್ಕೆ ಪತ್ರ ಬರೆಯಿರಿ. ಆದರೆ "ಕನ್ನಡಕ ಬೇಕು ಎಂದು ಬರೆದ ಮೇಲೆ ಕೊಡಿಸುವವರು ಯಾರು?" ಎಂಬ ಪ್ರಶ್ನೆಗೆ ಉತ್ತರ ಸಿಗದೆ ಶಿಬಿರದ ದಿನ ಗೊತ್ತು ಮಾಡಬೇಡಿ.

ಕಲೆಯ ವಿಷಯದಲ್ಲಿ ಉಡುಪಿಯವರಿಗೆ ಒಳ್ಳೆಯ ಮಾದರಿ ಕಣ್ಣೆದುರಿಗೇ ಇದೆ. ಅಲ್ಲಿನ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಲ್ಲಿ ಯಕ್ಷಗಾನ ಕಲಿಸಿ, ಕೊನೆಗೆ ಮಕ್ಕಳಿಂದಲೇ ಪ್ರದರ್ಶನ ಮಾಡಿಸುತ್ತದೆ. ಯಕ್ಷಗಾನ ಕಲಾರಂಗ ವಿದ್ಯಾಪೋಷಕ್ ಹೆಸರಿನಲ್ಲಿ ಬಡ ವಿದ್ಯಾರ್ಥಿಗಳ ಓದಿಗೆ ನೆರವಾಗುತ್ತದೆ. ಎರಡರಲ್ಲೂ ಗಮನಿಸಬೇಕಾದದ್ದು ಅದೇ ಕೆಲಸ ವರ್ಷದಿಂದ ವರ್ಷಕ್ಕೆ ತಪ್ಪದೆ ನಡೆಯುವುದು.

ಕಂಪನಿಗಳಲ್ಲಿ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಖರ್ಚು, ಕಡ್ಡಾಯವಾಗಿರುವುದು 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ: ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಇವುಗಳಲ್ಲಿ ಒಂದನ್ನು ಮುಟ್ಟಿದವರು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಖರ್ಚು ಮಾಡಬೇಕು. ತಾವು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಅದೇ ಕಲಮು ಹೇಳುತ್ತದೆ. ಎಂಆರ್‌ಪಿಎಲ್, ಕರ್ಣಾಟಕ ಬ್ಯಾಂಕ್‌ನಂಥ ಸಂಸ್ಥೆಗಳು ನಮ್ಮ ಊರಿನಲ್ಲೇ ಇವೆ. ಮಾರ್ಚ್‌ನಲ್ಲಿ ಓಡಿ ಹೋದರೆ ಆ ವರ್ಷದ ಹಣ ಮುಗಿದಿರುತ್ತದೆ. ಡಿಸೆಂಬರ್, ಜನವರಿಯಲ್ಲೇ ಮುಂದಿನ ವರ್ಷಕ್ಕೆಂದು ಅರ್ಜಿ ಕೊಡಿ. ನಿಮ್ಮ ಸಂಘದ ಮೂಲಕವೇ ಹಣ ಬರುವುದಾದರೆ ಆದಾಯ ತೆರಿಗೆ ನೋಂದಣಿಯ ಜೊತೆಗೆ ಸಿಎಸ್‌ಆರ್ ಹಣ ಪಡೆಯುವವರಿಗೆಂದೇ ಇರುವ ಸಿಎಸ್‌ಆರ್-1 ನೋಂದಣಿಯೂ ಆಗಿರಬೇಕು. ಇಲ್ಲದಿದ್ದರೆ ಕಂಪನಿಯೇ ನೇರವಾಗಿ ಮಾಡಿಕೊಡಲಿ ಎಂದು ಕೇಳಿ.

ಮುಂಬಯಿ ಮತ್ತು ಗಲ್ಫ್‌ನಲ್ಲಿರುವ ಹಳೆ ವಿದ್ಯಾರ್ಥಿಗಳ ಬಗ್ಗೆ ಎರಡು ಮಾತು. ಮೇ ತಿಂಗಳ ರಜೆಗೆ ಊರಿಗೆ ಬಂದಾಗ ಶಾಲೆಗೂ ರಜೆ ಇರುತ್ತದೆ, ಖಾಲಿ ಕೋಣೆ ನೋಡಿ ಅವರು ಕಟ್ಟಡಕ್ಕೇ ಹಣ ಕೊಡುತ್ತಾರೆ. ಮಕ್ಕಳಿರುವ ದಿನವೇ ಕರೆಯಿರಿ. ಇನ್ನೊಂದು ಕಾನೂನಿನ ವಿಷಯ: ದುಬೈ, ಕತಾರ್‌ನಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇರುವವರು ಕೊಟ್ಟರೆ ಎನಿಸುತ್ತದೆ, ವಿದೇಶಿ ದೇಣಿಗೆಯ ಕಾಯ್ದೆಯಾದ ಎಫ್‌ಸಿಆರ್‌ಎ ಅಡಿ ನೋಂದಣಿ ಇಲ್ಲದೆ ಅದನ್ನು ಪಡೆಯುವಂತಿಲ್ಲ. ದೊಡ್ಡ ಮೊತ್ತಕ್ಕೆ ಪಾಸ್‌ಪೋರ್ಟ್ ಪ್ರತಿ ಕೇಳಿ ಇಟ್ಟುಕೊಳ್ಳಿ, ಸಂಕೋಚ ಬೇಡ.

ಹೆಜ್ಜೆ 4: ದೊಡ್ಡ ಮಾತು ಕೊಡುವ ಮೊದಲು ಲೆಕ್ಕ

ಮಕ್ಕಳ ಸಂಖ್ಯೆ ಇಳಿಯುತ್ತಿದೆ ಎಂದಾಗ ಊರವರ ಬಾಯಿಗೆ ಮೊದಲು ಬರುವುದು "ಒಂದು ಬಸ್ಸು ಕೊಡಿಸುವ". ಬಸ್ಸು ಕೊಳ್ಳುವುದು ಒಂದು ದಿನದ ಕೆಲಸ, ಓಡಿಸುವುದು ಹತ್ತು ವರ್ಷದ್ದು. ಒಂದು ಅಂದಾಜು ಹೀಗೆ ಮಾಡಿ, ದರ ನಿಮ್ಮ ಊರಿನದ್ದು ಹಾಕಿಕೊಳ್ಳಿ: ದಿನಕ್ಕೆ 40 ಕಿ.ಮೀ., ಲೀಟರಿಗೆ 8 ಕಿ.ಮೀ. ಎಂದರೆ 5 ಲೀಟರ್. 220 ದಿನಕ್ಕೆ 1,100 ಲೀಟರ್ ಡೀಸೆಲ್, ಸುಮಾರು 1 ಲಕ್ಷ ರೂಪಾಯಿ. ಚಾಲಕನಿಗೆ ತಿಂಗಳಿಗೆ 15,000ದಂತೆ ವರ್ಷಕ್ಕೆ 1,80,000. ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾಗೆ 8,000ದಂತೆ ಹತ್ತು ತಿಂಗಳು, 80,000. ಇನ್ಶೂರೆನ್ಸ್, ಎಫ್‌ಸಿ (ವಾಹನದ ಫಿಟ್‌ನೆಸ್ ಪತ್ರ), ತೆರಿಗೆ, ಟಯರು, ರಿಪೇರಿಗೆ 90,000. ಒಟ್ಟು 4,50,000. ಐವತ್ತು ಮಕ್ಕಳಿದ್ದರೆ, ಶಾಲೆ ನಡೆಯುವ ಹತ್ತು ತಿಂಗಳಿಗೆ ಹಂಚಿದಾಗ, ತಲಾ ತಿಂಗಳಿಗೆ 900 ರೂಪಾಯಿ. ಇದನ್ನು ಯಾರು ಕೊಡುತ್ತಾರೆ ಎಂದು ಕಾಗದದಲ್ಲಿ ಬರೆಯಲಾಗದಿದ್ದರೆ ಬಸ್ಸು ತರಬೇಡಿ. ಅದೇ ದಾರಿಯಲ್ಲಿ ಓಡಾಡುವ ಆಟೋದವರೊಡನೆ, ಖಾಸಗಿ ಬಸ್ಸಿನವರೊಡನೆ ಮಾತಾಡಿ. ವಾಹನದ ಆರ್‌ಸಿ ಯಾರ ಹೆಸರಿನಲ್ಲಿ, ಅಪಘಾತವಾದರೆ ಹೊಣೆ ಯಾರದು ಎಂಬುದೂ ಮೊದಲೇ ತೀರ್ಮಾನವಾಗಲಿ.

ಗೌರವ ಶಿಕ್ಷಕರದ್ದು ಇದಕ್ಕಿಂತ ಸೂಕ್ಷ್ಮ. ಶಿಕ್ಷಕರ ಹುದ್ದೆ ಖಾಲಿ ಬಿದ್ದಾಗ ಸಂಘದವರು ಒಬ್ಬರನ್ನು ನೇಮಿಸಿ ತಿಂಗಳಿಗೆ 10,000 ಕೊಡುತ್ತೇವೆ ಎನ್ನುತ್ತಾರೆ. ಮೊದಲ ವರ್ಷ ಉತ್ಸಾಹ, ಎರಡನೇ ವರ್ಷ ನವೆಂಬರ್ ಹೊತ್ತಿಗೆ ಸಂಬಳ ಬಾಕಿ, ಟೀಚರ್ ಬಿಟ್ಟು ಹೋಗುತ್ತಾರೆ, ಮಕ್ಕಳು ಅರ್ಧ ಪಾಠದಲ್ಲಿ ಉಳಿಯುತ್ತಾರೆ. ಆ ಟೀಚರೂ ನಮ್ಮೂರಿನದೇ ಹೆಣ್ಣುಮಗಳು, ಆಕೆಯ ಸಂಬಳ ತಡಮಾಡುವುದು ದೊಡ್ಡ ಅನ್ಯಾಯ. ತಿಂಗಳಿಗೆ ನೂರು ರೂಪಾಯಿ ಕೊಡುವ ನೂರು ಜನ ಸಿಕ್ಕಿದರೆ ಸಾಕೆಂದು ಲೆಕ್ಕ ಹೇಳುತ್ತದೆ. ನೂರಕ್ಕೆ ಎಪ್ಪತ್ತು ಜನ ಮಾತ್ರ ತಪ್ಪದೆ ಕೊಡುತ್ತಾರೆಂದು ಇಟ್ಟುಕೊಂಡು 145 ಹೆಸರು ಬರೆಸಿ, ಎಲ್ಲರದೂ ಬ್ಯಾಂಕಿನಿಂದ ತಾನಾಗಿ ಕಡಿತವಾಗುವ ವ್ಯವಸ್ಥೆ ಮಾಡಿಸಿ. ಒಂದು ವರ್ಷದ ಸಂಬಳ, ಅಂದರೆ ಹತ್ತು ತಿಂಗಳ ಒಂದು ಲಕ್ಷ, ಠೇವಣಿಯಲ್ಲಿ ಇಟ್ಟ ನಂತರವೇ ನೇಮಕದ ಮಾತು. ಜೊತೆಗೆ ಖಾಲಿ ಹುದ್ದೆ ತುಂಬಿಸಿ ಎಂದು ಇಲಾಖೆಗೆ ವರ್ಷಕ್ಕೆ ಎರಡು ಸಲವಾದರೂ ಬರೆಯುತ್ತಿರಿ. ಊರು ಕೊಡುತ್ತದೆಂದು ಸರ್ಕಾರ ತನ್ನ ಹೊಣೆ ಮರೆಯುವಂತಾಗಬಾರದು.

ಹೆಜ್ಜೆ 5: ಮಾಡಿನ ಕೆಲಸ, ಪತ್ತನಾಜೆಯೊಳಗೆ

ಊರವರೆಲ್ಲ ಕೈಜೋಡಿಸಬಹುದಾದ, ಫಲ ತಕ್ಷಣ ಕಾಣುವ ಕೆಲಸ ಹಂಚಿನ ಮಾಡಿನ ರಿಪೇರಿ. ಇದನ್ನು ಮೊದಲ ವರ್ಷಕ್ಕೆ ಆಯ್ದುಕೊಳ್ಳಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಶಾಲೆಗಳೆಲ್ಲ ಇದೇ ಮಾಡಿನ ಕೆಳಗೆ ಬೆಳೆದವು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಸೋರುವ ಒಂದು ಹಂಚು ಮೂರು ಬೆಂಚಿನ ಪಾಠ ಕೆಡಿಸುತ್ತದೆ.

ಏಪ್ರಿಲ್‌ನಲ್ಲಿ ರಜೆ ಶುರುವಾದ ಕೂಡಲೇ ಹಿಡಿದು, ಮೇ ಕೊನೆಯ ಪತ್ತನಾಜೆಯೊಳಗೆ, ಅಂದರೆ ಮಳೆಗಾಲಕ್ಕೆ ಮುಂಚಿನ ಗಡುವೆಂದು ತುಳುವರು ಎಣಿಸುವ ದಿನದೊಳಗೆ, ಮುಗಿಸಬೇಕು. ಮೊದಲು ಮರ ನೋಡಿ. ಸ್ಕ್ರೂಡ್ರೈವರ್ ತೆಗೆದುಕೊಂಡು ಪ್ರತಿ ಪಕ್ಕಾಸನ್ನೂ (ಮಾಡಿನ ಇಳಿಜಾರು ಮರವನ್ನೂ) ಗೋಡೆಗೆ ತಾಗುವ ಜಾಗದಲ್ಲಿ ಚುಚ್ಚಿ. ಸಲೀಸಾಗಿ ಒಳಗಿಳಿದರೆ ಗೆದ್ದಲು ತಿಂದಿದೆ, ಆ ಪಕ್ಕಾಸು ಬದಲಾಗಬೇಕು. ಹಂಚು ಕೂರುವ ಅಡ್ಡಪಟ್ಟಿ, ಅಂದರೆ ರೀಪು, ಬಾಗಿದ್ದರೆ ಅದರ ಮೇಲೆ ಹೊಸ ಹಂಚು ಹಾಕಿಯೂ ಪ್ರಯೋಜನವಿಲ್ಲ, ಸಂದು ಬಿಟ್ಟುಕೊಂಡು ನೀರು ಒಳಗಿಳಿಯುತ್ತದೆ. ಹಂಚಿನ ಲೆಕ್ಕ ಚದರ ಮೀಟರಿಗೆ ಸುಮಾರು 15. ಆರು ಮೀಟರ್ ಉದ್ದ, ಆರು ಮೀಟರ್ ಅಗಲದ ಒಂದು ಕೋಣೆಗೆ ಇಳಿಜಾರು, ಚಾವಡಿಯ ಕಡೆ ಚಾಚಿದ್ದು ಸೇರಿ ಸುಮಾರು 55 ಚದರ ಮೀಟರ್ ಮಾಡು, ಅಂದರೆ 825 ಹಂಚು; ಒಡೆಯುವುದಕ್ಕೆಂದು 50 ಹೆಚ್ಚು ತನ್ನಿ.

ಹಳೆ ಮನೆ ಕೆಡವುವವರಿಂದ ಹಂಚು ದಾನವಾಗಿ ಸಿಗುತ್ತದೆ, ಆದರೆ ಒಂದು ಎಚ್ಚರಿಕೆ. ಪ್ರತಿ ಕಾರ್ಖಾನೆಯ ಅಚ್ಚು ಬೇರೆ. ಹಂಚಿನ ಮೇಲಿನ ಹೆಸರಿನ ಮುದ್ರೆ ನೋಡಿ ಒಂದೇ ಕಾರ್ಖಾನೆಯವನ್ನು ಒಂದೇ ಇಳಿಜಾರಿಗೆ ಹಾಕಿ. ಬೇರೆ ಬೇರೆ ಬೆರೆಸಿದರೆ ಒಂದರ ತೋಡಿಗೆ ಇನ್ನೊಂದರ ಅಂಚು ಕೂರುವುದಿಲ್ಲ, ಜೂನ್ ಮೊದಲ ವಾರವೇ ಸೋರುತ್ತದೆ. ಪ್ರತಿ ಹಂಚನ್ನೂ ಬೆರಳ ಗೆಣ್ಣಿನಿಂದ ತಟ್ಟಿ: ಠಣ್ ಎಂದರೆ ಗಟ್ಟಿ, ಬೊಡ್ಡು ಸದ್ದು ಬಂದರೆ ಬಿರುಕು. ತಟ್ಟಿ ವಿಂಗಡಿಸುವುದು, ಪಾಚಿ ತಿಕ್ಕಿ ತೊಳೆಯುವುದು, ಸಾಲುಗಟ್ಟಿ ನಿಂತು ಕೈಯಿಂದ ಕೈಗೆ ದಾಟಿಸುವುದು ಶ್ರಮದಾನದ ಪಾಲು. ಮಾಡಿನ ಮೇಲೆ ಹತ್ತುವುದು ಅನುಭವಿ ಕೆಲಸದವರು ಮಾತ್ರ, ಅವರಿಗೆ ಪೂರ್ತಿ ಸಂಬಳ ಕೊಡಿ. ಮಕ್ಕಳು ಆ ದಿನ ಆವರಣದಲ್ಲಿ ಇರಬಾರದು.

ಮಾಡಿನ ನೀರನ್ನು ಸುಮ್ಮನೆ ಚರಂಡಿಗೆ ಬಿಡಬೇಡಿ. ನೂರು ಚದರ ಮೀಟರ್ ಮಾಡಿನಿಂದ ಒಂದು ಮಳೆಗಾಲದಲ್ಲಿ ಎರಡೂವರೆ ಲಕ್ಷ ಲೀಟರಿಗೂ ಹೆಚ್ಚು ಸಿಗುತ್ತದೆ. ಮಾಡಿನ ಅಂಚಿಗೆ ನೀರು ಹಿಡಿಯುವ ದಂಬೆ ಕಟ್ಟಿ, ಮೊದಲ ಮಳೆಯ ಕೊಳೆನೀರು ಹೊರಹೋಗಲು ಬಿಟ್ಟು, ಜಲ್ಲಿ ಮತ್ತು ಮರಳಿನ ಸೋಸುಗುಂಡಿಯ ಮೂಲಕ ಬಾವಿಗೆ ತಿರುಗಿಸಿ. ಮಂಗಳೂರು, ಉಡುಪಿಗೆ ನೀರು ಕೊಡುವ ತುಂಬೆ, ಬಜೆ ಅಣೆಕಟ್ಟಿನ ನೀರು ಇಳಿಯುವ ಬೇಸಿಗೆಯಲ್ಲಿ ಶಾಲೆಯ ಬಾವಿಯ ಬೆಲೆ ಗೊತ್ತಾಗುತ್ತದೆ.

ಹೆಜ್ಜೆ 6: ಹೊರಗಿನವರು ಒಳಗೆ ಬರುವಾಗ

ಓದಿಸಲು, ಕಲಿಸಲು ಬರುವವರ ಬಗ್ಗೆ ನಿಯಮ ಬಿಗಿಯಾಗಿರಲಿ. ಗುರುತಿನ ಚೀಟಿಯ ಪ್ರತಿ, ಪೊಲೀಸ್ ಪರಿಶೀಲನಾ ಪತ್ರ, ಬಂದು ಹೋದ ಸಮಯ ಬರೆಯುವ ಪುಸ್ತಕ. ಯಾವ ಸ್ವಯಂಸೇವಕರೂ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಇರಬಾರದು. 2012ರ ಪೋಕ್ಸೊ ಕಾಯ್ದೆಯಂತೆ ಲೈಂಗಿಕ ದೌರ್ಜನ್ಯ ತಿಳಿದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. "ಊರ ಮರ್ಯಾದೆ" ಎಂದು ಮುಚ್ಚಿಡುವ ಅಧಿಕಾರ ಯಾವ ಸಮಿತಿಗೂ ಇಲ್ಲ. ಮಕ್ಕಳ ಸಹಾಯವಾಣಿ 1098 ಎಂದು ಗೋಡೆಯಲ್ಲಿ ದೊಡ್ಡದಾಗಿ ಬರೆಸಿ.

ಇನ್ನೊಂದು: ಬ್ಯಾಗು, ಕೊಡೆ ಹಂಚುವಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ದಾನಿಯ ಮುಂದೆ ಕೈ ಚಾಚಿಸಿ ಫೋಟೊ ತೆಗೆಯಬೇಡಿ. ಏಳನೇ ತರಗತಿಯ ಹುಡುಗನಿಗೆ ಅದರಿಂದ ಎಷ್ಟು ನೋವಾಗುತ್ತದೆ ಎಂಬುದು ಅವನ ಮುಖ ನೋಡಿದರೆ ತಿಳಿಯುತ್ತದೆ. ಟೀಚರ್ ಕೈಗೆ ಕೊಟ್ಟು, ತರಗತಿಯಲ್ಲಿ ಎಲ್ಲರಿಗೂ ಸಮನಾಗಿ ಹಂಚಲಿ.

ಹೆಜ್ಜೆ 7: ಎರಡು ಪುಟದ ಒಡಂಬಡಿಕೆ, ಗೋಡೆಯ ಮೇಲೆ ಲೆಕ್ಕ

ಬಾಯಿಮಾತಿನ ನಂಟು ಹೆಡ್‌ಮಾಸ್ಟರ ವರ್ಗಾವಣೆಯ ದಿನ ಮುಗಿಯುತ್ತದೆ. ಯಾರು, ಏನು, ಎಷ್ಟು ವರ್ಷ, ಕೆಟ್ಟರೆ ರಿಪೇರಿ ಯಾರದು, ನಿಲ್ಲಿಸುವುದಾದರೆ ಎಷ್ಟು ತಿಂಗಳ ಮುಂಚೆ ತಿಳಿಸಬೇಕು, ಇಷ್ಟನ್ನು ಕನ್ನಡದಲ್ಲಿ ಬರೆದು ಎಸ್‌ಡಿಎಂಸಿ, ಹೆಡ್‌ಮಾಸ್ಟರ್, ಕೊಡುವವರು ಮೂವರೂ ಸಹಿ ಹಾಕಲಿ, ಒಂದು ಪ್ರತಿ ಇಲಾಖೆಯ ಸಿಆರ್‌ಪಿಯವರಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ) ಹೋಗಲಿ. ವಸ್ತುವಾಗಿ ಬಂದದ್ದೆಲ್ಲ ಶಾಲೆಯ ದಾಸ್ತಾನು ಪುಸ್ತಕಕ್ಕೆ ಅದೇ ದಿನ ಏರಬೇಕು. ವರ್ಷಕ್ಕೆ ಎರಡು ಸಲ, ಆಗಸ್ಟ್ 15 ಮತ್ತು ಜನವರಿ 26ರಂದು, ಬಾವುಟ ಏರಿಸಿದ ಮೇಲೆ ಬಂದದ್ದೆಷ್ಟು, ಖರ್ಚಾದದ್ದೆಷ್ಟು ಎಂದು ಹೊರಗಿನ ಬೋರ್ಡಿನಲ್ಲಿ ಬರೆದು, ಓದಿ ಹೇಳಿ. ದೊಡ್ಡ ದಾನಿಯ ಹೆಸರು ಅಮೃತಶಿಲೆಯಲ್ಲಿ ಕೆತ್ತಿಸುವುದಾದರೆ, ನೂರು ರೂಪಾಯಿ ಕೊಟ್ಟವರ ಹೆಸರೂ ಆ ಬೋರ್ಡಿನಲ್ಲಿ ಇರಲಿ.

ಹೆಜ್ಜೆ 8: ಶಾಲೆ ಊರಿಗೆ ಏನು ಕೊಡುತ್ತದೆ

ಕೊಡುವುದು ಒಂದೇ ಕಡೆಯಿಂದಾದರೆ ನಂಟು ಬೇಗ ಸೊರಗುತ್ತದೆ. ಸಂಜೆ ಐದರಿಂದ ಏಳರವರೆಗೆ ಶಾಲೆಯ ಗ್ರಂಥಾಲಯವನ್ನು ಊರ ಮಕ್ಕಳಿಗೆಲ್ಲ ತೆರೆದಿಡಬಹುದು. ಬೀಗದ ಕೈ ಯಾರ ಬಳಿ ಎಂಬುದನ್ನು ಒಡಂಬಡಿಕೆಯಲ್ಲೇ ಬರೆಯಿರಿ. ನೆರೆ ಬಂದಾಗ ಶಾಲೆಯೇ ಕಾಳಜಿ ಕೇಂದ್ರ, ಚುನಾವಣೆಗೆ ಅದೇ ಮತಗಟ್ಟೆ. ಅದರ ಶೌಚಾಲಯ, ನೀರು, ಇಳಿಜಾರು ದಾರಿ ಸರಿಯಿರುವುದು ಎಲ್ಲರಿಗೂ ಬೇಕಾದದ್ದು. ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಮಂಗಳೂರು ಮಹಾನಗರ ಪಾಲಿಕೆಯ 60 ವಾರ್ಡುಗಳಲ್ಲೂ ಉಡುಪಿ ನಗರಸಭೆಯ 35 ವಾರ್ಡುಗಳಲ್ಲೂ ಇಂಥದ್ದೊಂದನ್ನು ನಿಮ್ಮ ಕಾರ್ಪೊರೇಟರ್ ಅಥವಾ ವಾರ್ಡ್ ಸದಸ್ಯರನ್ನು ಕರೆದು ಶಾಲೆಯಲ್ಲೇ ಮಾಡಬಹುದು.

ಮಕ್ಕಳಿಗೆ ಮೊದಲೇ ಚೀಟಿ ಕೊಡಿ, ಹೆಸರು ಬರೆಯುವುದು ಬೇಡ ಎನ್ನಿ. ಶಾಲೆಗೆ ಬರುವ ದಾರಿಯಲ್ಲಿ ಏನು ಭಯ, ಏನು ತೊಂದರೆ ಎಂದು ಬರೆಯಲಿ. ಉರಿಯದ ಬೀದಿದೀಪ, ಮುಚ್ಚಳವಿಲ್ಲದ ಚರಂಡಿ, ರಸ್ತೆ ದಾಟಲು ಆಗದ ಹೆದ್ದಾರಿ, ಬಸ್ಸಿನಲ್ಲಿ ಪಾಸ್ ಎಂದರೆ ಗದರುವ ಕಂಡಕ್ಟರ್, ಎಲ್ಲವೂ ಬರುತ್ತದೆ. ಚೀಟಿಗಳನ್ನು ಸಭೆಯಲ್ಲಿ ಮಕ್ಕಳೇ ಓದಲಿ, ಸದಸ್ಯರು ಪ್ರತಿಯೊಂದಕ್ಕೂ ತಾರೀಕು ಹಾಕಿ ಉತ್ತರ ಬರೆಯಲಿ. ಆ ಕಾಗದ ಲೆಕ್ಕದ ಬೋರ್ಡಿನ ಪಕ್ಕದಲ್ಲೇ ಅಂಟಿರಲಿ. ಮುಂದಿನ ವರ್ಷದ ಸಭೆ ಅದನ್ನು ಓದುವುದರಿಂದಲೇ ಶುರುವಾಗಲಿ.